ಹಳೆಯ ಕೋವಿಯ ನಳಿಗೆಗೆ ಹಿಡಿದ ತುಕ್ಕು ಮತ್ತು ಗೀರುಗಳನ್ನು ಮನೆಯಲ್ಲೇ ಸರಿಪಡಿಸಬಹುದೇ?

ತಾತನ ಕಾಲದ ಹನ್ನೆರಡು ಬೋರಿನ ಒಂಟಿ ನಳಿಗೆಯ ಕೋವಿ ಪರವಾನಗಿ ಸಮೇತ ನಿಮ್ಮ ಹೆಸರಿಗೆ ಬಂದಿದೆ, ನಳಿಗೆಯ ಮೇಲೆ ಅಲ್ಲಲ್ಲಿ ಕೆಂಪು ತುಕ್ಕೂ ಎರಡು ಗೀರುಗಳೂ ಇವೆ, ಎಮರಿ ಪೇಪರಿನಲ್ಲಿ ಉಜ್ಜಿ ಹೊಸದಾಗಿ ಕಪ್ಪು ಮಾಡಬಹುದೇ ಎಂದು ಕೇಳಿದ್ದೀರಿ. ತುಕ್ಕನ್ನು ನೀವೇ ತೆಗೆಯಬಹುದು. ಎಮರಿ ಪೇಪರನ್ನು ಮಾತ್ರ ಹತ್ತಿರ ತರಬೇಡಿ.

ಮೈಸೂರಿನ ನಮ್ಮ ಮನೆಯಲ್ಲಿ ಒಂದು ವರ್ಷ ಆಯುಧಪೂಜೆಗೆ ಕೋವಿಗೆ ಅರಿಶಿನ ಕುಂಕುಮ ಹಚ್ಚಿ, ಒದ್ದೆ ಸೇವಂತಿಗೆ ಹಾರ ಹಾಕಿ, ವಿಜಯದಶಮಿಯ ಸಂಜೆಯವರೆಗೂ ಹಾಗೆಯೇ ಬಿಟ್ಟಿದ್ದೆವು. ಹಾರ ತೆಗೆದಾಗ ಹೂವು ತಗುಲಿದ್ದ ಕಡೆಯಲ್ಲೆಲ್ಲ ತುಕ್ಕಿನ ಮಚ್ಚೆಗಳಿದ್ದವು. ನಮ್ಮ ಚಿಕ್ಕಪ್ಪ ದೀಪದ ಕಂಬ ಬೆಳಗುವಂತೆ ಹುಣಸೆಹಣ್ಣು ಹಾಕಿ ತಿಕ್ಕಿದರು. ತುಕ್ಕೂ ಹೋಯಿತು, ಅದರೊಡನೆ ನೇರಳೆಹಣ್ಣಿನ ಮೈಯಂತಿದ್ದ ಕಪ್ಪೂ ಹೋಗಿ ಬಿಳಿಚಿಕೊಂಡ ಪಟ್ಟೆ ಉಳಿಯಿತು. ಆ ಕಪ್ಪು ಬಣ್ಣ ಬಳಿದದ್ದಲ್ಲ. ಕಬ್ಬಿಣದ್ದೇ ಮತ್ತೊಂದು ಆಕ್ಸೈಡ್, ಮ್ಯಾಗ್ನೆಟೈಟ್, ಬಹಳ ತೆಳುವಾದ ಪದರ. ಆದ್ದರಿಂದ ಹುಣಸೆ, ನಿಂಬೆ, ವಿನೆಗರ್, ಅಂಗಡಿಯ ಆಮ್ಲಯುಕ್ತ ತುಕ್ಕುನಾಶಕ ಇವೆಲ್ಲವೂ ತುಕ್ಕಿನ ಜೊತೆಗೆ ಅದನ್ನೂ ತಿಂದುಹಾಕುತ್ತವೆ.

ಮೊದಲು ಕೋವಿಯನ್ನು ಕೀಲಿನ ಬಳಿ ಬಾಗಿಸಿ ತೆರೆದು ತೋಟಾ ಇಲ್ಲವೆಂದು ಕಣ್ಣಾರೆ ನೋಡಿ, ನಳಿಗೆಯನ್ನು ಬಿಚ್ಚಿಕೊಳ್ಳಿ. ತುಕ್ಕಿನ ಮೇಲೆ ಕೋವಿಯ ಎಣ್ಣೆಯನ್ನೋ, ಸಿಗದಿದ್ದರೆ ಹೊಲಿಗೆ ಯಂತ್ರದ ಎಣ್ಣೆಯನ್ನೋ ಹಚ್ಚಿ ಒಂದು ರಾತ್ರಿ ಬಿಡಿ. ಮರುದಿನ ನಾಲ್ಕು ಸೊನ್ನೆಯ, ಅಂದರೆ ಅತಿ ನಯವಾದ ಸ್ಟೀಲ್ ವೂಲ್‌ನ ಸಣ್ಣ ಉಂಡೆಯನ್ನು ಅದೇ ಎಣ್ಣೆಯಲ್ಲಿ ನೆನೆಸಿ, ಬೆರಳ ತುದಿಯ ಭಾರಕ್ಕಿಂತ ಹೆಚ್ಚು ಒತ್ತದೆ, ನಳಿಗೆಯ ಉದ್ದಕ್ಕೆ ಉಜ್ಜಿ. ಎಣ್ಣೆ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿದರೆ ತುಕ್ಕು ಬಿಡುತ್ತಿದೆ ಎಂದರ್ಥ. ಒರೆಸಿ, ಹೊಸ ಎಣ್ಣೆ ಹಚ್ಚಿ, ಬಟ್ಟೆ ಕೆಂಪಾಗುವುದು ನಿಂತೊಡನೆ ನೀವೂ ನಿಲ್ಲಿಸಿ. ತಳದಲ್ಲಿ ಸಣ್ಣ ಕಪ್ಪು ಗುಳಿಗಳು ಉಳಿದರೆ ಉಳಿಯಲಿ. ಕೊರೆದಿರುವ ನಂಬರಿನ ಮೇಲೆ ಮಾತ್ರ ಕೈಯಾಡಿಸಬೇಡಿ. ಗುರುತಿನ ಅಂಕೆ ಅಳಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಅಪರಾಧ.

ಗೀರುಗಳಿಗೆ, ಬಿಸಿ ಮಾಡದೆಯೇ ಉಕ್ಕನ್ನು ಕಪ್ಪಾಗಿಸುವ ಕೋಲ್ಡ್ ಬ್ಲೂ ಎಂಬ ದ್ರಾವಣವಿದೆ. ಗೀರಿನಲ್ಲಿ ಎಣ್ಣೆಯ ಪಸೆ ಚೂರೂ ಇರದಂತೆ ಸ್ಪಿರಿಟ್‌ನಿಂದ ಒರೆಸಿ, ಹತ್ತಿಯ ತುದಿಯಿಂದ ಗೀರಿಗಷ್ಟೇ ಮುಟ್ಟಿಸಿ, ತೊಳೆದು ಒಣಗಿಸಿ ಎಣ್ಣೆ ಹಚ್ಚಬೇಕು. ಅದರಲ್ಲಿರುವ ಸೆಲೆನಿಯಂ ವಿಷಕಾರಿಯಾದ್ದರಿಂದ ಕೈಗವಸು ಹಾಕಿ, ಗಾಳಿಯಾಡುವ ಜಾಗದಲ್ಲಿ ಮಾಡಿ. ಆದರೂ ಆ ಕಪ್ಪು ಹಳೆಯದಕ್ಕೆ ಸರಿಹೊಂದುವುದು ಅಪರೂಪ, ಬೇಗ ಸವೆಯುತ್ತದೆ ಕೂಡ. ನಾನಾಗಿದ್ದರೆ ಗೀರನ್ನು ಹಾಗೆಯೇ ಬಿಟ್ಟು ಎಣ್ಣೆ ಹಚ್ಚುತ್ತಿದ್ದೆ.

ನಳಿಗೆಯನ್ನು ಪೂರ್ತಿ ಕಪ್ಪು ಮಾಡಿಸಲೇಬೇಕೆಂದಿದ್ದರೆ ಊರಿನ ಲೇತ್ ಅಂಗಡಿಗೆ ಕೊಡಬೇಡಿ. ಪರವಾನಗಿ ಪಡೆದ ಕೋವಿ ರಿಪೇರಿಯವರಲ್ಲೇ ಮಾಡಿಸಿ. ನಿಮ್ಮದು ಒಂಟಿ ನಳಿಗೆಯಾದ್ದರಿಂದ ಕಾಸ್ಟಿಕ್ ಸೋಡಾದ ಬಿಸಿ ದ್ರಾವಣದಲ್ಲಿ ಅದ್ದುವ ವಿಧಾನ ನಡೆಯುತ್ತದೆ. ಜೋಡಿ ನಳಿಗೆಯಾಗಿದ್ದರೆ ಅದು ನಡುವಿನ ಬೆಸುಗೆಯನ್ನೇ ತಿನ್ನುತ್ತಿತ್ತು.

ಚುನಾವಣೆಗೆಂದು ಠಾಣೆಗೆ ಒಪ್ಪಿಸುವ ಹಿಂದಿನ ದಿನ ಒಳಗೂ ಹೊರಗೂ ಎಣ್ಣೆ ಸವರಿಕೊಡಿ. ಗೋಣಿತಾಟಿನಲ್ಲಿ ಸುತ್ತಬೇಡಿ, ಅದು ತೇವ ಹೀರುತ್ತದೆ. ವಾಪಸು ತಂದ ದಿನವೇ ಬಿಚ್ಚಿ ಒರೆಸಿ.