ಭಜನಾ ಮೇಳದ ಅಜ್ಜನ ಹೆಸರಿನಲ್ಲಿ ಏನು ಮಾಡೋಣ?

ಪ್ರಶ್ನೆ: ನಮ್ಮೂರ ಭಜನಾ ಮೇಳದ ಹಿರಿಯ ಅಜ್ಜ ಕಳೆದ ತಿಂಗಳು ತೀರಿಕೊಂಡರು. ಅಮಾವಾಸ್ಯೆಯ ಭಜನೆಗೆ ತತ್ವಪದ, ಮೊಹರಂಗೆ ರಿವಾಯತ ಪದ, ಯಾರ ಮನೆಯಲ್ಲಿ ಸಾವಾದರೂ ಬೆಳಗಿನವರೆಗೆ ಭಜನೆ, ಎಲ್ಲದಕ್ಕೂ ಅವರೇ ಬೇಕಾಗಿತ್ತು. ಊರಿನವರು ಪಟ್ಟಿ ಎತ್ತಿ ಹಣ ಕೂಡಿಸಿದ್ದೇವೆ. ರಸ್ತೆ ಕೂಡುವಲ್ಲಿ ಮೂರ್ತಿ ನಿಲ್ಲಿಸೋಣ ಎನ್ನುವವರು ಕೆಲವರು, ಊರ ಬಾಗಿಲಿಗೆ ಕಮಾನು ಕಟ್ಟಿಸೋಣ ಎನ್ನುವವರು ಕೆಲವರು. ನೀವೇನು ಹೇಳುತ್ತೀರಿ?
— ಓದುಗ, ಜೇವರ್ಗಿ ತಾಲ್ಲೂಕು

ಉತ್ತರ: ತಮ್ಮಾ, ಸತ್ತವರ ಮನೆಯಲ್ಲಿ ಬೆಳಗಿನವರೆಗೆ ಹಾಡುತ್ತಿದ್ದ ಆ ಅಜ್ಜನ ಮುಂದೆ ಕೊನೆಯ ರಾತ್ರಿ ಯಾರು ಹಾಡಿದರು ಎಂಬುದನ್ನು ನೀವು ಬರೆದಿಲ್ಲ. ಯಾರೇ ಹಾಡಿರಲಿ, ನಿಮ್ಮ ಕೆಲಸ ಅವರಿಂದಲೇ ಶುರುವಾಗಲಿ.

ಮೂರ್ತಿಯ ಮಾತು ಮೊದಲು ಮುಗಿಸುತ್ತೇನೆ. ಸಾರ್ವಜನಿಕ ರಸ್ತೆಗಳಲ್ಲಿ ಮೂರ್ತಿ ನಿಲ್ಲಿಸಲು ಅನುಮತಿ ಕೊಡಬಾರದೆಂದು ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. ಕಮಾನು ಕಟ್ಟಿಸಿದರೆ ಪಟ್ಟಿಯ ಹಣವೆಲ್ಲ ಸಿಮೆಂಟಿಗೇ ಹೋಗುತ್ತದೆ. ಅಷ್ಟರಲ್ಲಿ ಅಜ್ಜನ ಜೊತೆ ಹಾಡಿದವರೂ ಒಬ್ಬೊಬ್ಬರಾಗಿ ಹೋದರೆ ಆ ಪದಗಳು ಊರಿಗೇ ಇಲ್ಲವಾಗುತ್ತವೆ. ನನ್ನ ಸಂಕಟವೆಲ್ಲ ಅದೇ.

ನಿಮ್ಮ ಪಕ್ಕದ ಯಡ್ರಾಮಿ ತಾಲ್ಲೂಕಿನ ಕಡಕೋಳವನ್ನು ನೋಡಿ. ಅಲ್ಲಿನ ತತ್ವಪದಕಾರ ಮಡಿವಾಳಪ್ಪನವರ ಪದಗಳು ಇಂದಿಗೂ ಉಳಿದಿರುವುದು ಹೇಗೆ? ಖೈನೂರ ಕೃಷ್ಣಪ್ಪ, ಚೆನ್ನೂರ ಜಲಾಲಸಾಹೇಬರಂಥ ಶಿಷ್ಯರ ಪರಂಪರೆ, ಅವರ ನಂತರ ನಿಮ್ಮ ಅಜ್ಜನಂಥ ಹಾಡುಗಾರರು ಬಾಯಿಂದ ಬಾಯಿಗೆ ದಾಟಿಸಿದ್ದರಿಂದ.

ಆದ್ದರಿಂದ ಅಜ್ಜನ ಪದಗಳನ್ನು ಕೂಡಿಸಿ. ಹಾಡಿನ ವಹಿ ಇದ್ದರೆ ಮನೆಯವರನ್ನು ಕೇಳಿ ಪ್ರತಿ ಪುಟದ ಫೋಟೊ ತೆಗೆದುಕೊಳ್ಳಿ. ವಹಿ ಮಾತ್ರ ಅವರ ಮನೆಯಲ್ಲೇ ಇರಲಿ. ಆಮೇಲೆ ದನಿಗೂಡಿಸುತ್ತಿದ್ದವರನ್ನು, ತಬಲಾದವರನ್ನು ಒಟ್ಟಿಗೆ ಕೂಡ್ರಿಸಿ. 'ಪದ ಹೇಳಿ, ಬರೆದುಕೊಳ್ಳುತ್ತೇವೆ' ಎಂದರೆ ಎರಡನೇ ನುಡಿಗೇ ತಡವರಿಸುತ್ತಾರೆ. ಕೈಗೆ ತಾಳ ಕೊಟ್ಟು ಹಾಡಿಸಿ. ಅದುವರೆಗೆ 'ನೆನಪಿಲ್ಲ, ಬಿಡ್ರಪಾ' ಎನ್ನುತ್ತಿದ್ದ ಹಿರಿಯರು, ಏಕತಾರಿ ಮಿಡಿಯತೊಡಗಿದ ಮೇಲೆ ಕಣ್ಣು ಮುಚ್ಚಿ ಇಡೀ ಪದ ಮುಗಿಸಿದ್ದನ್ನು ನಾನು ಎದುರು ಕುಳಿತು ಕೇಳಿದ್ದೇನೆ. ಮೊಬೈಲನ್ನು ತಬಲಾದಿಂದ ದೂರ, ಹಾಡುವವರ ಬಾಯಿಗೆ ಹತ್ತಿರ ಇಡಿ.

ಅವರು ಹಾಡಿದಂತೆಯೇ ಬರೆಯಿರಿ. ಉರ್ದು ಮಾತು ಬಂದರೆ ಇರಲಿ, ಯಾರೂ ತಿದ್ದಬಾರದು. ಕೊನೆಯ ನುಡಿಯ ಅಂಕಿತ ಬಿಟ್ಟುಹೋಗದಿರಲಿ, ಪದ ಯಾರದೆಂದು ತಿಳಿಯುವುದೇ ಅದರಿಂದ. ಯಾವ ಪದವನ್ನು ಯಾವ ಹೊತ್ತಿಗೆ ಹಾಡುತ್ತಿದ್ದರೆಂದು ಪಕ್ಕದಲ್ಲಿ ಗುರುತು ಹಾಕಿ. ಅಜ್ಜಿ ಇದ್ದರೆ ಅವರನ್ನಂತೂ ಕೇಳಲೇಬೇಕು. ಮೇಳದವರು ಮರೆತದ್ದು ಅವರಿಗೆ ನೆನಪಿರಬಹುದು.

ಕನಕದಾಸ ಅಧ್ಯಯನ ಮತ್ತು ಸಂಶೋಧನಾ ಕೇಂದ್ರ ನಾಡಿನ ತತ್ವಪದಗಳನ್ನು ಸಂಪುಟಗಳಲ್ಲಿ ತಂದಿದೆ. ಅವುಗಳ ಜೊತೆ ಹೋಲಿಸಿ ನೋಡಿ. ಅಲ್ಲಿಲ್ಲದ ಒಂದೇ ಪದ ಸಿಕ್ಕರೂ ಅದು ನಿಮ್ಮ ಅಜ್ಜ ಉಳಿಸಿಕೊಟ್ಟದ್ದು. ಕಲಬುರಗಿಗೆ ಹೋದಾಗ ಗುಲಬರ್ಗಾ ವಿಶ್ವವಿದ್ಯಾಲಯದ ಕನ್ನಡ ವಿಭಾಗದವರ ಸಲಹೆಯನ್ನೂ ಕೇಳಿ.

ಪಟ್ಟಿಯ ಹಣದಲ್ಲಿ ಪುಸ್ತಕ ಅಚ್ಚು ಹಾಕಿಸಿ, ಮೊದಲ ಪ್ರತಿ ಅಜ್ಜನ ಮನೆಗೆ ಕೊಡಿ. ಹಣ ಉಳಿದರೆ ಮೇಳದ ಹಾರ್ಮೋನಿಯಂ ದುರಸ್ತಿ ಮಾಡಿಸಿ, ಶಾಲೆಯ ಹುಡುಗ ಹುಡುಗಿಯರಲ್ಲಿ ಹಾಡುವ ಆಸೆ ಇರುವವರನ್ನು ಕರೆದು ಮೇಳದಲ್ಲಿ ಕೂಡ್ರಿಸಿಕೊಳ್ಳಿ.