ಮೇವಿನಲ್ಲಿ ಲವಂಗದೆಣ್ಣೆ: ಫೀಡ್‌ಲಾಟಿಗೆ ಸರಿ, ಹಾಲಿನ ಹಸುವಿಗೆ?

ಪ್ರಶ್ನೆ: ಅಮೆರಿಕದಲ್ಲಿ ಮಾಂಸಕ್ಕಾಗಿ ಸಾಕುವ ದನಗಳ ಮೇವಿಗೆ ಆ್ಯಂಟಿಬಯಾಟಿಕ್ ಬದಲು ಲವಂಗ, ಚಕ್ಕೆ ಮುಂತಾದವುಗಳ ಎಣ್ಣೆ ಬೆರೆಸುತ್ತಾರೆಂದು ಅಲ್ಲಿರುವ ನನ್ನ ಭಾವ ಹೇಳಿದರು. ಇದರಿಂದ ದನದ ಹೊಟ್ಟೆಯಲ್ಲಿ ಏನಾಗುತ್ತದೆ? ನಮ್ಮ ಎಚ್‌ಎಫ್ ಹಸುಗಳಿಗೂ ಕೊಡಬಹುದೇ?
– ಓದುಗರೊಬ್ಬರು, ತಿಪಟೂರು

ಉತ್ತರ: ಅಂಥ ಎಣ್ಣೆಗಳ ಬಳಕೆ ಇರುವುದು ನಿಜ. ಆದರೂ ಮಾಂಸದ ದನಗಳನ್ನು ಕೂಡಿಹಾಕಿ ಕೊಬ್ಬಿಸುವ ಅಲ್ಲಿನ ಬಹುಪಾಲು ಫೀಡ್‌ಲಾಟ್‌ಗಳು 1970ರ ದಶಕದಲ್ಲಿ ಬಂದ ಮೊನೆನ್ಸಿನ್ ಎಂಬ ಆ್ಯಂಟಿಬಯಾಟಿಕ್ ಔಷಧವನ್ನು ಇನ್ನೂ ಬಿಟ್ಟಿಲ್ಲ. ಯುರೋಪ್ ಒಕ್ಕೂಟವು ಬೆಳವಣಿಗೆ ಹೆಚ್ಚಿಸಲು ಮೇವಿಗೆ ಇಂಥ ಔಷಧ ಬೆರೆಸುವುದನ್ನು 2006ರ ಜನವರಿ 1ರಿಂದ ನಿಷೇಧಿಸಿದ್ದು ಸಸ್ಯಮೂಲದ ಪದಾರ್ಥಗಳ ಹುಡುಕಾಟಕ್ಕೆ ದೊಡ್ಡ ಕಾರಣವಾಯಿತು.

ದನದ ಮೊದಲ ಹೊಟ್ಟೆಯಾದ ರೂಮೆನ್‌ನಲ್ಲಿ ಬ್ಯಾಕ್ಟೀರಿಯಾ, ಪ್ರೊಟೊಜೋವಾ, ಶಿಲೀಂಧ್ರಗಳು ಮೇವನ್ನು ಹುದುಗಿಸಿ ಅಸಿಟೇಟ್, ಪ್ರೊಪಿಯೊನೇಟ್ ಮತ್ತು ಬ್ಯುಟಿರೇಟ್ ಎಂಬ ಆಮ್ಲಗಳನ್ನು ತಯಾರಿಸುತ್ತವೆ. ದನಕ್ಕೆ ಸಿಗುವ ಶಕ್ತಿಯ ಬಹುಭಾಗ ಇವುಗಳಿಂದಲೇ. ಲವಂಗದ ಯೂಜಿನಾಲ್, ಚಕ್ಕೆಯ ಸಿನ್ನಮಾಲ್ಡಿಹೈಡ್, ಥೈಮ್ ಗಿಡದ ಥೈಮಾಲ್ (ನಮ್ಮ ಓಮದ ಘಾಟಿಗೂ ಇದೇ ಮೂಲ) ಬ್ಯಾಕ್ಟೀರಿಯಾದ ಪೊರೆಯೊಳಗೆ ಸೇರಿಕೊಂಡು ಅದನ್ನು ಸೋರುವಂತೆ ಮಾಡುತ್ತವೆ. ಸೋರಿಕೆಯನ್ನು ಸರಿದೂಗಿಸುವುದರಲ್ಲೇ ಬ್ಯಾಕ್ಟೀರಿಯಾದ ಶಕ್ತಿ ವ್ಯಯವಾಗುತ್ತದೆ. ಎಲ್ಲ ಬ್ಯಾಕ್ಟೀರಿಯಾಗಳೂ ಒಂದೇ ಸಮ ಕುಗ್ಗುವುದಿಲ್ಲವಾದ್ದರಿಂದ, ಪ್ರಮಾಣ ಸರಿಯಿದ್ದರೆ ಪ್ರೊಪಿಯೊನೇಟ್ ಪಾಲು ಏರಿ, ತೇಗಿನೊಡನೆ ಹೊರಹೋಗುವ ಮಿಥೇನ್ ಅನಿಲ ತಗ್ಗಬಹುದು. ಮೊನೆನ್ಸಿನ್ ಮಾಡುವುದೂ ಹೆಚ್ಚುಕಡಿಮೆ ಇದನ್ನೇ.

ಆದರೆ ಫಲ ಮೇವಿನ ಮೇಲೆ ನಿಂತಿದೆ. ಫೀಡ್‌ಲಾಟ್ ದನಕ್ಕೆ ಕೊನೆಯ ತಿಂಗಳುಗಳಲ್ಲಿ ಹೆಚ್ಚಾಗಿ ಮೆಕ್ಕೆಜೋಳದಂಥ ಕಾಳನ್ನೇ ಕೊಡುವುದರಿಂದ ರೂಮೆನ್‌ನ ಪಿಎಚ್ (ಹುಳಿಯ ಅಳತೆ; ಅಂಕಿ ಇಳಿದಷ್ಟೂ ಹುಳಿ ಹೆಚ್ಚು) 5.5ರ ಆಸುಪಾಸಿಗೆ ಇಳಿಯುತ್ತದೆ. ಅಂಥ ಹುಳಿಯಲ್ಲಿ ಪ್ರೊಪಿಯೊನೇಟ್ ಹೆಚ್ಚಿಸಿದ ಎಣ್ಣೆಯೇ ಪಿಎಚ್ 7ರಲ್ಲಿ ಆ ಫಲ ಕೊಡದಿರುವುದು ಪ್ರಯೋಗಾಲಯದ ಪರೀಕ್ಷೆಗಳಲ್ಲಿ ಕಂಡಿದೆ. ಹುಲ್ಲು ಮೇಯುವ ಹಸುವಿನ ರೂಮೆನ್‌ನಲ್ಲಿ ಪಿಎಚ್ 6ಕ್ಕಿಂತ ಮೇಲೆಯೇ ಇರುತ್ತದೆ. ಇದಲ್ಲದೆ ಸೂಕ್ಷ್ಮಜೀವಿಗಳು ಕೆಲವೇ ವಾರಗಳಲ್ಲಿ ಹೊಸ ಪದಾರ್ಥಕ್ಕೆ ಒಗ್ಗಿಕೊಳ್ಳುವುದುಂಟು. ಹತ್ತು ದಿನದ ಫಲಿತಾಂಶವನ್ನು ಮುಂದಿಡುವ ಜಾಹೀರಾತುಗಳನ್ನು ನಾನಂತೂ ನೆಚ್ಚುವುದಿಲ್ಲ.

ನಿಮ್ಮ ಹಸುಗಳ ಮಟ್ಟಿಗೆ ಇನ್ನೊಂದು ತೊಡಕಿದೆ. ಮಾಂಸದ ದನ ಮೈ ತುಂಬಿಕೊಳ್ಳಲು ಪ್ರೊಪಿಯೊನೇಟ್ ನೆರವಾಗುತ್ತದೆ, ಆದರೆ ಹಾಲಿನ ಜಿಡ್ಡಿಗೆ ಬೇಕಾದದ್ದು ಅಸಿಟೇಟ್. ನಾರು ಕರಗಿಸಿ ಅದನ್ನು ಕೊಡುವ ಬ್ಯಾಕ್ಟೀರಿಯಾವನ್ನು ಎಣ್ಣೆ ಹತ್ತಿಕ್ಕಿದರೆ ಡೇರಿಯಲ್ಲಿ ಫ್ಯಾಟ್ ಇಳಿದು, ದರದಲ್ಲೇ ನಿಮಗೆ ಪೆಟ್ಟು ಬೀಳುತ್ತದೆ. ಆದ್ದರಿಂದ ರಾಗಿಹುಲ್ಲು, ಬೂಸಾ, ಹಿಂಡಿಯ ಮೇಲೆ ನಿಂತ ಹಸುವಿಗೆ ಲವಂಗದೆಣ್ಣೆಯನ್ನು ಅಂದಾಜಿನ ಮೇಲೆ ಸುರಿಯಬೇಡಿ. ಹೊಟ್ಟೆಯುಬ್ಬರಕ್ಕೆಂದು ಎಂದೋ ಒಮ್ಮೆ ಓಮ ಅರೆದು ಗೊಟ್ಟದಲ್ಲಿ ಕುಡಿಸುವುದು ಬೇರೆ, ದಿನವೂ ಮೇವಿಗೆ ಬೆರೆಸುವುದು ಬೇರೆ.

ಮಿಥೇನ್ ತಗ್ಗಿಸುವುದೇ ನಿಮ್ಮ ಆಸಕ್ತಿಯಾದರೆ, ಬೆಂಗಳೂರಿನ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆಯು ಟ್ಯಾನಿನ್, ಅಂದರೆ ಒಗರಿನ ಅಂಶ ಹೆಚ್ಚಿರುವ ಸಸ್ಯಗಳಿಂದ ‘ಹರಿತ್ ಧಾರಾ’ ಎಂಬ ಪೂರಕವನ್ನು ರೂಪಿಸಿದೆ. ಅದರಿಂದ ಮಿಥೇನ್ ಶೇ. 17ರಿಂದ 20ರಷ್ಟು ಇಳಿಯುತ್ತದೆಂಬುದು ಅದನ್ನು ರೂಪಿಸಿದವರ ಹೇಳಿಕೆ. ಯಾವುದನ್ನೇ ಆರಂಭಿಸುವ ಮೊದಲು ಹಸುವಿನ ಈಗಿನ ಮೇವಿನ ಪಟ್ಟಿಯನ್ನು ನಿಮ್ಮೂರಿನ ಪಶುವೈದ್ಯರಿಗೆ ತೋರಿಸಿ, ಆರಂಭಿಸಿದ ಮೇಲೆ ಡೇರಿಯ ಫ್ಯಾಟ್ ಚೀಟಿಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ.