ಮಂಡಿ ಕೆಳಗಿನ ದಿಂಬು ತೆಗೆಯಿರಿ

ಪ್ರಶ್ನೆ: ಅಮ್ಮನ ಎರಡೂ ಮಂಡಿಗಳ ಕೀಲು ಬದಲಿಸಿ ಐದು ವಾರವಾಯಿತು. ಕಾಲು ಪೂರ್ತಿ ನೇರವಾಗುತ್ತಿಲ್ಲ. ನೋವೆಂದು ಮಂಡಿ ಕೆಳಗೆ ದಿಂಬಿಟ್ಟು ಮಲಗುತ್ತಾರೆ. ಏನು ಮಾಡಲಿ?

ಉತ್ತರ: ಮೊದಲು ಆ ದಿಂಬು ತೆಗೆಯಿರಿ. ಗಂಟೆಗಟ್ಟಲೆ ಮಡಚಿಯೇ ಇದ್ದರೆ ಮಂಡಿಯ ಹಿಂಬದಿ ಬಿಗಿಯುತ್ತದೆ. ಆಮೇಲೆ ನಡೆಯುವಾಗ ತೊಡೆಯ ಸ್ನಾಯು ಬೇಗ ಸೋಲುತ್ತದೆ. ಸುತ್ತಿದ ಟವೆಲನ್ನು ಹಿಮ್ಮಡಿ ಕೆಳಗಿಟ್ಟು, ಮಂಡಿಯನ್ನು ಹಾಸಿಗೆಯತ್ತ ಒತ್ತಿ 5 ಸೆಕೆಂಡ್ ಹಿಡಿಯಲಿ. ಒಂದೊಂದು ಕಾಲಿಗೆ 10 ಸಲ, ದಿನಕ್ಕೆ ಮೂರು ಹೊತ್ತು. ವೈದ್ಯರು ಬರೆದಿರುವ ನೋವಿನ ಮಾತ್ರೆಯನ್ನು ಅರ್ಧ ಗಂಟೆ ಮುಂಚೆ ಕೊಟ್ಟರೆ ಅವರಿಗೆ ಹಿಂಸೆ ಕಡಿಮೆ. ಎರಡೂ ಕಡೆ ಆಗಿರುವುದರಿಂದ ಭಾರ ಹೊರಲು ಒಳ್ಳೆಯ ಕಾಲೇ ಇಲ್ಲ, ಪಾಪ. ಹಾಗಾಗಿ ಕೈಯಿರುವ ಎತ್ತರದ ಕುರ್ಚಿಯೇ ಬೇಕು. ಮುಂದಿನ ವಾರವೂ ನೇರವಾಗದಿದ್ದರೆ ಶಸ್ತ್ರಚಿಕಿತ್ಸಕರಿಗೆ ತೋರಿಸಿ. ಮೀನಖಂಡ ಊದಿ ನೋಯುವುದು, ಗಾಯ ಸೋರುವುದು, ಜ್ವರ ಕಂಡರೆ ಅಂದೇ ಹೋಗಿ.